ಗಾಯಕ್ಕೆ ಮೊದಲು ಮದ್ದು ಹಚ್ಚಿ

ಮಾನ್ಯ ಸಂಪಾದಕರೇ,

ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಿದ್ದ ನನ್ನ ತಂಗಿಯ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಾಗ, ಡ್ರೆಸ್ಸಿಂಗ್ ಮಾಡುವ ಮೊದಲೇ ಅಲ್ಲಿನ ಸಿಬ್ಬಂದಿ ‘ಪೊಲೀಸ್ ಕೇಸ್ ಆಗುತ್ತದೆ’ ಎಂದು ಗದರಿದ್ದರಿಂದ, ಅವಳು ದುಪಟ್ಟಾದಲ್ಲಿ ಕೈ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟಳು. ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುವಾಗ, ಸಂಕಟ ತಾಳಲಾರದೆ ಗಾಯ ಮಾಡಿಕೊಂಡ ಹುಡುಗಿಯನ್ನು ಬೆದರಿಸುವುದು ಯಾವ ನ್ಯಾಯ?

ಹೀಗೆ ಹೆದರಿದವರು ಮನೆಯಲ್ಲೇ ಕಾಫಿಪುಡಿ ಮೆತ್ತಿಕೊಂಡು ಸೋಂಕು ತಂದುಕೊಳ್ಳುತ್ತಾರೆ. ಶುಭ್ರ ಬಟ್ಟೆಯಿಂದ ಒತ್ತಿಹಿಡಿದು, ರಕ್ತ ನಿಂತ ಮೇಲೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಗಾಯ ಆಳವಾಗಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೇ ಹೋಗಬೇಕು. ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಆರೋಗ್ಯ ಇಲಾಖೆಯು ಪ್ರತಿ ಡ್ರೆಸ್ಸಿಂಗ್ ಕೊಠಡಿಯ ಗೋಡೆಯ ಮೇಲೆ ಬರೆಸಲಿ, ಸಿಬ್ಬಂದಿಗೆ ಮೃದುವಾಗಿ ಮಾತನಾಡುವ ತರಬೇತಿಯನ್ನೂ ಕೊಡಿಸಲಿ.

– ಓದುಗರೊಬ್ಬರು