ಬಲಗೈ ಪರವಾಗಿ

ಮೊನ್ನೆ ಮೆಟ್ಟುಗತ್ತಿ ಮುಂದೆ ಕೂತು ಒಂದು ಬುಟ್ಟಿ ಅಡಿಕೆ ಸುಲಿದೆ. ಒಂದೇ ಬುಟ್ಟಿಯಾ ಅಂತ ನಮ್ಮ ತೀರ್ಥಹಳ್ಳಿ ಕಡೆಯವರಿಗೆ ನಗು ಬರಬಹುದು. ನಗಿ. ಹೋದ ವರ್ಷ ಸುಲಿತದ ಹೊತ್ತಿಗೆ ಈ ಕೈಗೆ ಸೆರಗು ತಾಗಿದರೂ ಕೆಂಡ ಇಟ್ಟಂತಾಗುತ್ತಿತ್ತು.

ಆ ಮಳೆಗಾಲದಲ್ಲಿ ಅಂಗಳದ ಅಡಿಕೆ ದಬ್ಬೆ ಮೇಲೆ ಜಾರಿ ಮಣಿಕಟ್ಟು ಮುರಿದಿತ್ತು. 6 ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು, ನೋವು ಮಾತ್ರ ಏರುತ್ತಲೇ ಹೋಯಿತು. ಕೈ ಊದಿ ಒಮ್ಮೆ ಕೆಂಪು, ಒಮ್ಮೆ ನೀಲಿ. ಬಚ್ಚಲೊಲೆ ಮುಂದೆ ಕೂತರೂ ತಣ್ಣಗೆ, ಬೆವರು ಬೇರೆ. "ಮೂಳೆ ಕೂಡಿದೆಯಲ್ಲ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದವರಿಗೆ ಲೆಕ್ಕವಿಲ್ಲ. ಈ ಕೃತಜ್ಞತೆಯಲ್ಲಿ ಅವರಿಗೆ ಪಾಲಿಲ್ಲ.

ಮೊದಲ ನಮಸ್ಕಾರ ಶಿವಮೊಗ್ಗದ ನೋವಿನ ಡಾಕ್ಟರಿಗೆ. ಎರಡೂ ಕೈ ಪಕ್ಕಪಕ್ಕ ಇಡಿಸಿ ನೋಡಿದವರು ಅವರೊಬ್ಬರೇ. ಸಿಆರ್‌ಪಿಎಸ್ ಅಂದರು, ಪೆಟ್ಟು ವಾಸಿಯಾದ ಮೇಲೂ ಆ ಕೈಯಲ್ಲೋ ಕಾಲಲ್ಲೋ ನೋವು ಉಳಿದು ಏರುವ ಕಾಯಿಲೆಯಂತೆ. ಹೆಸರು 1994ರದ್ದಂತೆ, ಕಾಯಿಲೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದವರಲ್ಲೇ ಇಂಥ ಉರಿಯನ್ನು ವೈದ್ಯರು ಬರೆದಿಟ್ಟಿದ್ದರಂತೆ. ಕೇಳಿದ್ದರಿಂದ ನೋವೇನೂ ಇಳಿಯಲಿಲ್ಲ. ನಾನು ಸುಳ್ಳಿಯಲ್ಲ ಅಂತಾಯಿತಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.

ಕೈನೋವಿಗೆ ಸೂಜಿ ಹಾಕಿದ್ದು ಕುತ್ತಿಗೆಗೆ! ಕೈಯ ರಕ್ತನಾಳ, ಬೆವರು ನೋಡಿಕೊಳ್ಳುವ ನರಗಂಟು ಅಲ್ಲಿದೆಯಂತೆ. ಈ ಸೂಜಿಗೆ ನರ್ವ್ ಬ್ಲಾಕ್ ಅಂತಾರೆ. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಮರಗಟ್ಟಿಸುವ ಔಷಧ ಬಿಟ್ಟರು. ಸ್ವಲ್ಪ ಹೊತ್ತಿಗೆ ಬಲಗಣ್ಣಿನ ರೆಪ್ಪೆ ಜೋತುಬಿತ್ತು, ದನಿ ಕಟ್ಟಿತು. ಹೀಗಾಗುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರೂ ನಮ್ಮತ್ತೆ "ಅಯ್ಯೋ, ಲಕ್ವ ಹೊಡೀತು" ಅಂತ ಎದ್ದೇ ನಿಂತರು. ಸಂಜೆಯೊಳಗೆ ಸರಿಹೋಯಿತು. ಕೈ ಮಾತ್ರ ಎಷ್ಟೋ ತಿಂಗಳ ಮೇಲೆ ಬೆಚ್ಚಗಾಗಿತ್ತು. ಬಸ್ಸು ಮಂಡಗದ್ದೆ ದಾಟಿದರೂ ಎಡಗೈಯಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇದ್ದೆ.

ಎಲ್ಲರಿಗೂ ಇದು ಹಿಡಿಯುವುದಿಲ್ಲ, ಬ್ಲಾಕ್ ಒಂದರಿಂದಲೇ ವಾಸಿಯಾಗುವುದೂ ಅಲ್ಲ ಅಂತ ಅವರೇ ಹೇಳಿದ್ದರು. ನನಗೂ ಮೊದಲನೆಯದು ಎರಡೇ ದಿನ. ಮೂರನೆಯದು ವಾರಗಟ್ಟಲೆ ತಡೆಯಿತು. ಆ ಬಿಡುವಿನಲ್ಲೇ ಕೈ ಆಡಿಸಿಕೊಳ್ಳಬೇಕು. ಫಿಸಿಯೋಥೆರಪಿ ಹುಡುಗಿ ಕನ್ನಡಿಯಲ್ಲಿ ಎಡಗೈ ತೋರಿಸಿ ಅದೇ ಬಲಗೈ ಅಂತ ನಂಬಿಸಿದಳು, ಅಕ್ಕಿ ಡಬ್ಬಿಯೊಳಗೆ ಬೆರಳು ಆಡಿಸಿದಳು. ಬಾಯಿಗೆ ಬಂದಂತೆ ಬೈದಿದ್ದೇನೆ. ಕ್ಷಮಿಸಮ್ಮ.

ಇನ್ನು, ಅಷ್ಟು ದಿನ ನನ್ನ ಜಡೆ ಹೆಣೆದ ಓರಗಿತ್ತಿಗೆ. ಚಳಿಗೆ ಈಗಲೂ ಬೆರಳು ಬಿಗಿಯುತ್ತದೆ, ಆದರೂ ಜಡೆ ನಾನೇ ಹಾಕ್ಕೊಳ್ತೀನಿ. ಸೊಟ್ಟ ಇದೆ ಅಂತ ಬಿಚ್ಚಬೇಡ ಮಾರಾಯ್ತಿ.