‘ನಿನಗೇನು ಕಡಿಮೆ?’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮಾಟುಂಗಾದಲ್ಲಿ ಹುಟ್ಟಿ ಬೆಳೆದ ನಾನು ಮದುವೆಯ ನಂತರ 4 ವರ್ಷ ಜರ್ಮನಿಯಲ್ಲಿದ್ದು ಈಚೆಗೆ ಮರಳಿದ್ದೇನೆ. ಅಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ. ಅಂದು ಗದ್ದಲ ಮಾಡುವಂತಿಲ್ಲವಾದ್ದರಿಂದ ದೋಸೆಗೆ ಅಕ್ಕಿ ರುಬ್ಬಲು ಮಿಕ್ಸಿ ಹಾಕುವುದಕ್ಕೂ ಅಂಜುತ್ತಿದ್ದೆ. ಚಳಿಗಾಲದಲ್ಲಿ ಎರಡು ದೇಶಗಳ ನಡುವೆ ನಾಲ್ಕೂವರೆ ಗಂಟೆಗಳ ಅಂತರವಿರುವುದರಿಂದ, ನಾನು ಕೆಲಸ ಮುಗಿಸಿ ರಾತ್ರಿ 7ಕ್ಕೆ ಮನೆ ಸೇರಿ ಅಮ್ಮನ ದನಿ ಕೇಳಬೇಕೆಂದು ಹಂಬಲಿಸುವಾಗ ಇಲ್ಲಿ 11.30 ಆಗಿ ಅವರು ಮಲಗಿರುತ್ತಿದ್ದರು. ಇದನ್ನು ಹೇಳಿಕೊಂಡಾಗ ಬಂಧುಗಳು ಆಡಿದ ‘ನಿನಗೇನು ಕಡಿಮೆ?’ ಎಂಬ ಮಾತೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ನನ್ನ ಪತಿಗೆ ಅದೇ ಬೇಸರವಾದಾಗ ಯಾರೂ ಹಾಗೆ ಕೇಳಲಿಲ್ಲ ಎಂಬುದನ್ನೂ ಹೇಳಲೇಬೇಕು. ಮೈಸೂರು ಅಸೋಸಿಯೇಷನ್‌ನಂತಹ ಇಲ್ಲಿನ ಕನ್ನಡ ಸಂಸ್ಥೆಗಳು, ವಿದೇಶಕ್ಕೆ ಹೊರಟಿರುವ ಹೆಣ್ಣುಮಕ್ಕಳನ್ನು ಅಲ್ಲಿದ್ದು ಬಂದವರೊಡನೆ ಒಂದು ಸಂಜೆಯಾದರೂ ಮಾತಿಗೆ ಕೂರಿಸಬೇಕೆಂದು ವಿನಂತಿಸುತ್ತೇನೆ.

— ಓದುಗರೊಬ್ಬರು, ಮಾಟುಂಗಾ, ಮುಂಬೈ