ಯಾರ ಬದುಕನ್ನು ಯಾರ ಹೆಸರಿನಲ್ಲಿ ಓದಿದಿರಿ?

ಮಾನ್ಯರೇ,

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ವಿಜ್ಞಾನ ದಿನ ‘ಅರ್ಥಪೂರ್ಣವಾಗಿ’ ನಡೆಯಿತು ಎಂಬ ನಿಮ್ಮ ವರದಿ ಓದಿ ಮೈ ಉರಿಯಿತು. ನಾನು ಅಲ್ಲಿಯೇ ಇದ್ದೆ. ಆಹ್ವಾನ ಪತ್ರಿಕೆಯಲ್ಲಿ ಇದ್ದದ್ದು ರಾಜೇಶ್ವರಿ ಚಟರ್ಜಿ ಸ್ಮರಣೆ. ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿ ಓದಿದ್ದು ಕೋಲ್ಕತ್ತದ ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿ ಅವರ ಜೀವನ! ಅಪಸ್ಮಾರ, ಮಲೇರಿಯಾ ಔಷಧಗಳಿಗಾಗಿ ದುಡಿದ ಅಸೀಮಾ ದೊಡ್ಡವರು, ಅವರಿಗೂ ನಮಸ್ಕಾರ. ಆದರೆ ಚಟರ್ಜಿ ಎಂದವರೆಲ್ಲ ಒಬ್ಬರೇ ಆಗುತ್ತಾರೆಯೇ?

ರಾಜೇಶ್ವರಿ ಇದೇ ಬೆಂಗಳೂರಿನವರು. 1922ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಷಿಗನ್ನಿನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಮರಳಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಪಾಠ ಹೇಳಿದ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. ಪತಿ ಶಿಶಿರ್ ಕುಮಾರ್ ಅವರೊಡನೆ ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ವಿಮಾನ, ಬಾಹ್ಯಾಕಾಶ ನೌಕೆಗಳ ಆಂಟೆನಾ ಅವರ ವಿಷಯ. 1982ರಲ್ಲಿ ನಿವೃತ್ತರಾದ ಮೇಲೆ ವಿಶ್ರಾಂತಿ ಬೇಡವೆಂದು ಭಾರತೀಯ ಮಹಿಳಾ ಅಧ್ಯಯನ ಸಂಘದ ಮೂಲಕ ಸಮಾಜದ ಕೆಲಸಕ್ಕೆ ಇಳಿದರು. ದೊಡ್ಡ ಹುದ್ದೆಯಲ್ಲಿದ್ದವರು ಪಿಂಚಣಿ ಬಂದ ಮೇಲೂ ಇನ್ನೊಬ್ಬರಿಗಾಗಿ ದುಡಿದ ಈ ಭಾಗವನ್ನೇ ಮಕ್ಕಳು ಕೇಳಲಿ ಎಂದು ಪಕ್ಕದ ಬೀದಿಯ ಹುಡುಗಿಯರನ್ನು ಆಟೊದಲ್ಲಿ ಕರೆದೊಯ್ದಿದ್ದೆ.

ಅಗೆದು ಬಿಟ್ಟ ರಸ್ತೆಯಿಂದಾಗಿ ಆಟೊ ದೂರದಲ್ಲೇ ನಿಂತಿತು. ಮಂಡಿನೋವಿನಲ್ಲಿ ನಡೆದು ಹೋದರೆ ಮುಂದಿನ ಕುರ್ಚಿಗಳೆಲ್ಲ ‘ಗಣ್ಯರಿಗೆ’. ಗಣ್ಯರು ಬಂದದ್ದು ಮಕ್ಕಳ ಊಟದ ಹೊತ್ತು ಮೀರಿದ ಮೇಲೆ. ಫ್ಯಾನ್ ತಿರುಗಲಿಲ್ಲ, ಕುಡಿಯುವ ನೀರಿಲ್ಲ, ಶೌಚಾಲಯಕ್ಕೆ ಬೀಗ. ಭಾಷಣ ತಪ್ಪಾಗಿದೆ ಎಂದು ಎದ್ದು ಹೇಳಿದರೆ ‘ಅಮ್ಮಾ, ಕೂತ್ಕೊಳ್ಳಿ, ಫೋಟೊಗೆ ಅಡ್ಡ ಬರುತ್ತೀರಿ’ ಎಂಬ ಉಪದೇಶ! ಫೋಟೊ ನಿಮ್ಮ ಪತ್ರಿಕೆಯಲ್ಲಿ ಚೆನ್ನಾಗಿಯೇ ಬಂದಿದೆ.

ಈ ಗ್ರಂಥಾಲಯಕ್ಕೆ ಹೊಸ ಪುಸ್ತಕ ಕಂಡು ಯಾವ ಕಾಲವಾಯಿತು? ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಮಾತ್ರ ತಪ್ಪದೆ ವಸೂಲಿ ಮಾಡುತ್ತಾರೆ. ಸೋರುವ ಛಾವಣಿಯ ಬಗ್ಗೆ ಕೊಟ್ಟ ಅರ್ಜಿ ಯಾವ ಮೇಜಿನ ಕೆಳಗಿದೆಯೋ. ಬೀದಿದೀಪದ ಕಥೆಯೂ ಅದೇ. ಹಿಂದಿನ ಅಧಿಕಾರಿ ಫೋನನ್ನಾದರೂ ಎತ್ತುತ್ತಿದ್ದರು, ಈಗಿನವರಿಗೆ ಅದೂ ಭಾರ.

ಸಂಬಂಧಪಟ್ಟವರು ಮಕ್ಕಳ ಮುಂದೆ ಕ್ಷಮೆ ಕೇಳಲಿ, ರಾಜೇಶ್ವರಿಯವರ ಬದುಕನ್ನು ಸರಿಯಾಗಿ ಹೇಳಿಸಲಿ, ಹಾಗೆಯೇ ರಸ್ತೆಯಲ್ಲಿ ಅಗೆದ ಗುಂಡಿಯನ್ನೂ ಮುಚ್ಚಿಸಲಿ. ನೀವೂ ವೇದಿಕೆಯಲ್ಲಿ ಕೊಟ್ಟ ಚೀಟಿಯನ್ನೇ ಅಚ್ಚು ಹಾಕುವ ಬದಲು ಯಾರ ಬಗ್ಗೆ ಬರೆಯುತ್ತಿದ್ದೀರಿ ಎಂದು ಒಮ್ಮೆ ನೋಡಬಾರದೇ? ಇಷ್ಟು ದೊಡ್ಡ ಊರಿನಲ್ಲಿ ನಮ್ಮವರನ್ನು ಗುರುತಿಸಬಲ್ಲ ಒಬ್ಬ ಅಧಿಕಾರಿಯೂ ಸಿಗಲಿಲ್ಲವೇ? ನಾಚಿಕೆಯಾಗಬೇಕು.

– ನಿವೃತ್ತ ಶಿಕ್ಷಕಿ, ಬೆಂಗಳೂರು